ಕುರಿ ಕುಂಟಾಕತ್ತಿತಂದ್ರ ಅವತ್ತ ಕಾಲು ಎತ್ತಿ ನೋಡ್ರಿ: ಗೊರಸು ಕೊಳೆಯೋ ಬ್ಯಾನಿಗೆ ಪೂರಾ ಮಾರ್ಗದರ್ಶಿ

ಹುಬ್ಬಿ ಮಳಿ ಹಿಡೀತಂದ್ರ ನಾ ಮುಂಜಾನೆ ದಡ್ಡಿ ಬಾಗಲಾ ಪೂರ್ತಿ ತೆಗಿಯಂಗಿಲ್ಲ, ಒಂದ ಕುರಿ ಹಾಯುವಷ್ಟ ಸರಿಸಿ ಬಾಜುಕ ನಿಲ್ತೇನಿ, ಒಂದೊಂದ ಹೊರಗ ಬರಬೇಕು. ಅರವತ್ತ ಕುರಿ ದಾಟಾಕ ಹತ್ತ ನಿಮಿಷ ಹಿಡಿತೈತಿ. ಆ ಹತ್ತ ನಿಮಿಷದಾಗ ಯಾವುದು ಹೆಜ್ಜಿಗೊಮ್ಮೆ ತಲಿ ಕುಣಸ್ತೈತಿ, ಯಾವುದು ಒಂದ ಕಾಲು ನೆಲಕ್ಕ ತಾಗಿಸಿ ತಾಗಿಸದಂಗ ಇಡ್ತೈತಿ ಅನ್ನೋದು ಕಣ್ಣಿಗೆ ಬೀಳ್ತೈತಿ. ಹಿಂಡು ಒಮ್ಮೆಲೆ ನುಗ್ಗಿದ್ರ ಇದ್ಯಾವುದೂ ಕಾಣಂಗಿಲ್ಲ, ಕಾಣೂತನಕ ಬಿಟ್ರ ಮೊಣಕಾಲೂರಿ ಮೇಯೋ ಹಂತಕ್ಕ ಬಂದಿರ್ತೈತಿ.

ನಮ್ದು ಮುಧೋಳ ತಾಲೂಕು, ಘಟಪ್ರಭಾ ದಂಡಿ, ಸುತ್ತ ಕಬ್ಬು, ಎರಿ ಮಣ್ಣು. 2019ರ ಆಗಸ್ಟನ್ಯಾಗ ಹೊಳಿ ಉಕ್ಕಿ ಬಂದಾಗ ಕುರಿ ಹೊಡಕೊಂಡ ದಿಬ್ಬದ ಮ್ಯಾಲೆ ಹೋದ್ವಿ, ಜೀವ ಉಳದ್ವು, ಆದ್ರ ಎಂಟು ದಿನ ಕೆಸರಾಗ ನಿಂತಿದ್ದಕ್ಕ ಹಿಂಡಿನ ಅರ್ಧಕ್ಕರ್ಧ ಕುರಿ ಕಾಲು ಕೊಳ್ತು ಬಿಟ್ವು. ನಾ ಆಗ ಏನ ಮಾಡಿದ್ನಿ ಅಂದ್ರ, ಹಿಂದಿನಿಂದ ನೋಡಕೋತ ಬಂದಂಗ ಚೂರಿ ಮಸದು ಕೊಳ್ತ ಗೊರಸು ಪೂರಾ ಕೆತ್ತಿ ತೆಗದ್ನಿ, ರಕ್ತ ಬರೂತನಕ ಕೆತ್ತಿದ್ನಿ, ಮ್ಯಾಲೆ ಮೈಲುತುತ್ತ ಹಾಕಿದ್ನಿ. ಅವು ಮಲಗಿದ್ದು ಏಳಲಿಲ್ಲ. ನೊಣ ಕುಂತು ಹುಳ ಬಿದ್ವು, ಐದ ತಾಯಿಕುರಿ ಹೋದ್ವು, ಅದ್ರಾಗ ಎರಡು ಗಬ್ಬ ಇದ್ವು. ಆ ಐದೂ ರೋಗದಿಂದ ಹೋಗಲಿಲ್ಲ, ನನ್ನ ಚೂರಿಯಿಂದ ಹೋದ್ವು ಅಂತ ಆಮ್ಯಾಲೆ ಒಬ್ಬ ಡಾಕ್ಟರ್ ಸಾಹೇಬ್ರು ಕಾಲು ಎತ್ತಿ ತೋರಿಸಿ ಹೇಳಿದಾಗ ಗೊತ್ತಾತು. ಅದಕ್ಕ ಇಷ್ಟುದ್ದ ಬರ್ಯಾಕತ್ತೇನಿ. ಇದ್ರಾಗ ನಿಮಗ ಒಂದ ಮಾತು ನೆನಪಿರಲಿ: ಕುಂಟಿದ ದಿನಾನ ಹಿಡದು ನೋಡ್ರಿ, ಗೊರಸಿಗೆ ಚೂರಿ ಹಚ್ಚಬ್ಯಾಡ್ರಿ.

ಇದು ಯಾಕ ಬರ್ತೈತಿ

ಇದಕ್ಕ ಎರಡು ಸೂಕ್ಷ್ಮಜೀವಿ ಕಾರಣ. ಒಂದರ ಹೆಸರು ಫ್ಯೂಸೋಬ್ಯಾಕ್ಟೀರಿಯಂ, ಇದು ಕುರಿ ಹಿಕ್ಕ್ಯಾಗ, ದಡ್ಡಿ ಕೆಸರಾಗ ಯಾವಾಗ್ಲೂ ಇರೋದ. ಎರಡೂ ಬಟ್ಟಿನ ನಡುವಿನ ಚರ್ಮ ನೀರಾಗ ನೆನದು ಬೆಳ್ಳಗ ಆದಾಗ ಇದು ಒಳಗ ಹೊಕ್ಕು ಸಂದಿ ಕೆಂಪ ಮಾಡ್ತೈತಿ. ಇನ್ನೊಂದು ಡೈಖೆಲೋಬ್ಯಾಕ್ಟರ್, ಇದ ಖರೇ ಕಳ್ಳ. ಇದು ಬಂದ ಮ್ಯಾಲೆ ಗೊರಸಿನ ಕೊಂಬು ಒಳಗಿನ ಮಾಂಸದಿಂದ ಬಿಡಿಸಕೋತ ಹೋಗ್ತೈತಿ, ಹಸಿ ಗೋಡಿಯಿಂದ ಗಿಲಾವು ಎದ್ದು ಬಂದಂಗ.

ಈ ಎರಡನೇದ್ದರ ಬಗ್ಗೆ ಒಂದ ಒಳ್ಳೆ ಸುದ್ದಿ ಐತಿ. ಅದು ಕುರಿ ಕಾಲಿನ ಹೊರಗ, ಮಣ್ಣಾಗ ಭಾಳ ದಿನ ಬದುಕಂಗಿಲ್ಲ, ಒಂದ ವಾರ, ಹೆಚ್ಚಂದ್ರ ಎರಡ ವಾರ. ಆದ್ರ ಗೊರಸಿನ ಸೀಳಿನ್ಯಾಗ ಅಡಗಿ ತಿಂಗಳಗಟ್ಲೆ ಕುಂಡ್ರತೈತಿ. ಅಂದ್ರ ನಿಮ್ಮ ಹೊಲಕ್ಕ ರೋಗ ಹಿಡಿದಿಲ್ಲ, ನಿಮ್ಮ ಹಿಂಡಿನ್ಯಾಗಿನ ಯಾವುದೋ ಕುರಿ ಅದನ್ನ ಕಾಲಾಗ ಇಟಕೊಂಡ ಅಡ್ಡಾಡಾಕತ್ತೈತಿ. ಆ ಕುರಿ ಹಿಡದ್ರ ಅರ್ಧ ಕೆಲಸ ಮುಗೀತು.

ನಮ್ಮ ಎರಿ ಭೂಮಿ ಇದಕ್ಕ ಭಾಳ ಅನುಕೂಲ ಮಾಡಿ ಕೊಡ್ತೈತಿ. ಹಸಿ ಎರಿ ಮಣ್ಣು ಬಟ್ಟಿನ ಸಂದ್ಯಾಗ ಮೆತ್ತಕೋತೈತಿ, ಮಧ್ಯಾಹ್ನ ಬಿಸಲಿಗೆ ಒಣಗಿ ಕಲ್ಲಿನಂಗ ಗಟ್ಟಿ ಆಗ್ತೈತಿ, ಕುರಿ ನಡದಂಗ ನಡದಂಗ ಅದು ಒಳಗಿನ ಚರ್ಮ ಉಜ್ಜಿ ಗಾಯ ಮಾಡ್ತೈತಿ. ಕಬ್ಬು ಕಡದ ಹೊಲದಾಗ ಮೇಯಿಸಿದ್ರ ಕೂಳಿ ಚುಚ್ಚತಾವು, ಒಡ್ಡಿನ ಮ್ಯಾಲೆ ಬಳ್ಳಾರಿ ಜಾಲಿ ಮುಳ್ಳು. ಗಾಯ ಆದ ಜಾಗಾದಾಗ ಕೆಸರು ಹತ್ತಿದ್ರ ಉಳದಿದ್ದು ತಾನಾಗೇ ಆಗ್ತೈತಿ. ಬಾಗಲಕೋಟಿ, ವಿಜಯಪುರ ಕಡೆ ದೊಡ್ಡ ಮಳಿ ಸೆಪ್ಟೆಂಬರ್ ಸುತ್ತ ಬರ್ತೈತಿ, ಹುಬ್ಬಿ, ಉತ್ತರಿ, ಹಸ್ತ, ಇವ ಮೂರು ಮಳಿ ನಮಗ ಕಾಯೋ ದಿನ. ಖಾನಾಪುರ ಸೈಡಿನವರಿಗೆ ಜೂನದಾಗ ಶುರು.

ಕಾಲು ಎತ್ತಿ ನೋಡೋದು ಹ್ಯಾಂಗ

ಕುಂಟೋ ಕುರಿ ಹಿಡದು ಒಣ ಜಾಗಾಕ್ಕ ತರ್ರಿ. ಎಡಗಡೆ ನಿಂತು ಎಡಗೈಯಿಂದ ಗದ್ದ ಹಿಡದು ತಲಿ ಅದ್ರ ಬಲ ಪಕ್ಕಡಿ ಕಡೆ ತಿರಗಸ್ರಿ, ಬಲಗೈಯಿಂದ ಹಿಂದಿನ ತೊಡಿ ಮುಂದಿನ ಚರ್ಮ ಹಿಡದು ನಿಮ್ಮ ಕಡೆ ಎಳದ್ರ ತಾನ ಕುಂಡ್ರತೈತಿ. ಬೆನ್ನು ನಿಮ್ಮ ಮೊಣಕಾಲಿಗೆ ಆನಿಸಿಕೊಂಡ್ರ ಒದ್ಯಾಡಂಗಿಲ್ಲ. ಗಬ್ಬದ ಕುರಿ, ಅದ್ರಾಗೂ ಕಡೀ ತಿಂಗಳದಾಗಿದ್ದದ್ದು ಹಿಂಗ ಕೆಡವಬ್ಯಾಡ್ರಿ, ಯಾರರೆ ಹಿಡಕೊಳ್ಳಿ, ಎತ್ತಿನ ಕಾಲು ಎತ್ತಿದಂಗ ಒಂದೊಂದ ಕಾಲು ಎತ್ತಿ ನೋಡಿದ್ರ ಸಾಕು.

ನಾಕೂ ಕಾಲು ನೋಡ್ರಿ, ಕುಂಟೋದೊಂದ ನೋಡಿ ಬಿಡಬ್ಯಾಡ್ರಿ. ಮೊದಲ ಕೈಗೆ ಸಿಕ್ಕ ಚಿಂದಿಯಿಂದ ಕೆಸರು ಒರಸಿ ಎರಡೂ ಬಟ್ಟು ಅಗಲಸ್ರಿ. ಸಂದಿ ಒಳಗ ಬರೇ ಕೆಂಪಗ ಐತಿ, ಬಿಳೇ ಪೇಸ್ಟ್ ಹಚ್ಚಿದಂಗ ಐತಿ, ನಾತ ಇಲ್ಲ, ಗೊರಸು ಗಟ್ಟಿ ಅದ ಅಂದ್ರ ಅದು ಮೊದಲ ಹಂತ, ಬರೇ ಸಂದಿ ನೆನೆದ ಹುಣ್ಣು. ಮರಿಗೊಳಿಗೆ ಇದ ಜಾಸ್ತಿ. ಇನ್ನ ಕೊಳೆಯೋ ಬ್ಯಾನಿ ಆದ್ರ ನೋಡೋಕಿಂತ ಮೊದಲ ಮೂಗಿಗೆ ಗೊತ್ತಾಗ್ತೈತಿ. ಒಮ್ಮೆ ಮೂಸಿದ್ರ ಜನ್ಮಪೂರ್ತಿ ಮರಿಯಂಗಿಲ್ಲ, ಸತ್ತ ಇಲಿ ಎರಡ ದಿನ ಬಿಟ್ಟು ಹೊರಗ ತೆಗದಂಗ. ಬೆರಳಿನಿಂದ ಹಿಮ್ಮಡದ ಕಡೆಯಿಂದ ಒಳಗಿನ ಅಂಚು ಸ್ವಲ್ಪ ಒತ್ತಿದ್ರ ಗೊರಸು ಎದ್ದು ಬರ್ತೈತಿ, ಕೆಳಗ ಬೂದಿ ಬಣ್ಣದ ಲೋಳಿ ಇರ್ತೈತಿ. ಕುರಿ ಕಾಲು ಎಳಕೋತೈತಿ, ಅಷ್ಟು ನೋವು ಇರ್ತೈತಿ ಅದಕ್ಕ.

ಮುಳ್ಳು, ಗಾಜಿನ ಚೂರು, ತಂತಿ ಏನರೆ ಇದ್ರ ಕೀಳ್ರಿ, ಒಳಗ ಕೀವು ಇದ್ರ ಅದು ಹೊರಗ ಬರೂವಷ್ಟ ದಾರಿ ಮಾಡಿ ಕೊಡ್ರಿ. ಒಂದ ಬಟ್ಟು ಮಾತ್ರ ಬಿಸಿ ಐತಿ, ಒತ್ತಿದ್ರ ಒದ್ಯಾಡ್ತೈತಿ, ನಾತ ಇಲ್ಲ ಅಂದ್ರ ಅದು ಬಹುಶಃ ಒಳಗಿನ ಕೀವು, ಇದು ಬ್ಯಾರೆ ಕುರಿಗೆ ಹತ್ತಂಗಿಲ್ಲ. ಸಣ್ಣ ಮರಿ ಮೊಣಕಾಲು ಬಾತು ಬಿಸಿ ಆಗಿದ್ರ ಗೊರಸಿಗೆ ಸಂಬಂಧ ಇಲ್ಲ, ಹೊಕ್ಕಳದಿಂದ ಕೀಲಿಗೆ ನಂಜು ಇಳದಿರ್ತೈತಿ, ಅವತ್ತ ಡಾಕ್ಟರಿಗೆ ತೋರಸ್ರಿ.

ಇದು ಬ್ಯಾರೆ ಬ್ಯಾನಿ ಅಲ್ಲ ಅನ್ನೋದು ಖಾತ್ರಿ ಮಾಡಕೊಳ್ರಿ

ಇಲ್ಲಿ ತಪ್ಪಿದ್ರ ಊರಿಗೆ ಊರ ತಲಿ ಮ್ಯಾಲೆ ಕೈ ಹೊತ್ತ ಕುಂಡ್ರಬೇಕಾಗ್ತೈತಿ. ಗೊರಸು ಕೊಳೆಯೋ ಬ್ಯಾನಿ ಒಂದೆರಡು ಕುರಿಯಿಂದ ಶುರುವಾಗಿ ವಾರಾನಗಟ್ಲೆ ಹಬ್ಬತೈತಿ. ಒಂದ ರಾತ್ರ್ಯಾಗ ಹತ್ತಿಪ್ಪತ್ತು ಕುರಿ ಕುಂಟಾಕತ್ತಿದ್ವು, ಜ್ವರ ಐತಿ, ಬಾಯಿ ತೆಗದು ನೋಡಿದ್ರ ಒಸಡಿನ ಮ್ಯಾಲೆ ಗುಳ್ಳಿ, ಗೊರಸು ಚರ್ಮ ಕೂಡೋ ಗೆರಿಯಾಗ ಗುಳ್ಳಿ, ಮರಿ ಸುಮ್ಮಸುಮ್ಮನ ಸಾಯಾಕತ್ತಿದ್ವು ಅಂದ್ರ ಅದು ಕಾಲುಬಾಯಿ ಬ್ಯಾನಿ ಇರಬಹುದು. ಮಾರಿ, ತುಟಿ, ಕಿವಿ ಬಾತಾವು, ಮೂಗಿನ ಸುತ್ತ ಹೊಪ್ಪಳಿ ಕಟ್ಟೈತಿ, ಜೊಲ್ಲು ಸುರೀತೈತಿ, ಗೊರಸಿನ ಮ್ಯಾಲಿನ ಪಟ್ಟಿ ಕೆಂಪಾಗೈತಿ ಅಂದ್ರ ನೀಲಿ ನಾಲಗಿ. ಅದನ್ನ ಸಣ್ಣ ಸೊಳ್ಳಿಯಂಥ ನುಸಿ ಹರಡ್ತೈತಿ, ಅದೂ ಇದ ಮಳಿಗಾಲದಾಗ. ಈ ಎರಡರಾಗ ಯಾವುದರ ಅನುಮಾನ ಬಂದ್ರೂ ಹಿಂಡು ಹೊರಗ ಬಿಡಬ್ಯಾಡ್ರಿ, ಸಂತಿಗಂತೂ ಒಯ್ಯಲೇ ಬ್ಯಾಡ್ರಿ, ಹತ್ರದ ಪಶು ದವಾಖಾನಿಗೆ ಹೇಳ್ರಿ, ಇಲ್ಲಂದ್ರ 1962ಕ್ಕ ಫೋನ್ ಹಚ್ಚಿದ್ರ ಪಶು ಸಂಜೀವಿನಿ ಗಾಡಿ ಬರ್ತೈತಿ.

ಉಪಚಾರ

ಬರೇ ಸಂದಿ ಕೆಂಪಾಗಿದ್ರ ಸಿಂಪಲ್. ಸ್ವಚ್ಛ ಮಾಡಿ ಒಣಗಿಸಿ ಡಾಕ್ಟರ್ ಕೊಟ್ಟ ಆಕ್ಸಿಟೆಟ್ರಾಸೈಕ್ಲಿನ್ (ಕ್ರಿಮಿ ತಡಿಯೋ ಮದ್ದು) ಸ್ಪ್ರೇ ಹೊಡೀರಿ, ಅರ್ಧ ತಾಸು ಒಣ ಗಚ್ಚಿನ ಮ್ಯಾಲೆ ನಿಂದರಸ್ರಿ. ಭಾಳ ಮರಿಗೊಳಿಗೆ ಆಗಿದ್ರ ಒಂದೊಂದ ಹಿಡಕೋತ ಕುಂಡ್ರದಕ್ಕಿಂತ ಎಲ್ಲಾವಕ್ಕೂ ಕಾಲು ಅದ್ದಸೋದ ಚಲೋ, ಅದ್ರ ವಿವರ ಕೆಳಗ ಬರದೇನಿ.

ಗೊರಸು ಎದ್ದು ನಾತ ಬರಾಕತ್ತಿದ್ರ ಬರೇ ಸ್ಪ್ರೇಯಿಂದ ಆಗಂಗಿಲ್ಲ, ಮದ್ದು ರಕ್ತದ ಮೂಲಕ ಒಳಗಿಂದ ಹೋಗಬೇಕು. ಲಾಂಗ್ ಆ್ಯಕ್ಟಿಂಗ್, ಅಂದ್ರ ಒಮ್ಮೆ ಕೊಟ್ರ ಮೈಯಾಗ ಭಾಳ ಹೊತ್ತು ಕೆಲಸ ಮಾಡೋ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ಇದಕ್ಕ ಎಲ್ಲಾ ಕಡೆ ಬಳಸ್ತಾರ. ಲೆಕ್ಕ ಏನಪಾ ಅಂದ್ರ ಕುರಿ ಒಂದ ಕಿಲೋ ತೂಕಕ್ಕ 20 ಮಿಲಿಗ್ರಾಂ. ಬಾಟ್ಲಿ ಮ್ಯಾಲೆ ಒಂದ ಎಂಎಲ್‌ಗೆ 200 ಮಿಲಿಗ್ರಾಂ ಅಂತ ಇದ್ರ 10 ಕಿಲೋಕ್ಕ 1 ಎಂಎಲ್, ಅಂದ್ರ 30 ಕಿಲೋ ಕುರಿಗೆ 3 ಎಂಎಲ್. ಸಾದಾ ಆಕ್ಸಿಟೆಟ್ರಾಸೈಕ್ಲಿನ್ ಬಾಟ್ಲಿನೂ ಅಂಗಡ್ಯಾಗ ಇರ್ತಾವು, ಅದ್ರ ಲೆಕ್ಕ ಬ್ಯಾರೆ, ಅದಕ್ಕ ಬಾಟ್ಲಿ ಓದದ ಹೊಡಿಬ್ಯಾಡ್ರಿ. ಗಬ್ಬ ಐತೋ, ಮರಿ ಎಷ್ಟು ತಿಂಗಳದ್ದು, ಮೊದಲ ಏನರೆ ಮದ್ದು ಕೊಟ್ಟೀರೋ ಅನ್ನೋದೆಲ್ಲಾ ನೋಡಿ ಯಾವ ಮದ್ದು, ಎಷ್ಟು ಅನ್ನೋದು ಡಾಕ್ಟರ್ ನಿರ್ಧಾರ ಮಾಡಬೇಕು. ಅಂದಾಜಿನಲೆ ತೂಕ ಹೇಳೋದೂ ಬಿಡ್ರಿ, ನಾವು 25 ಕಿಲೋ ಅಂದಿದ್ದು ತಕ್ಕಡ್ಯಾಗ 34 ಬರ್ತೈತಿ, ಮದ್ದು ಕಡಿಮಿ ಬಿದ್ರ ಕ್ರಿಮಿ ಸಾಯಂಗಿಲ್ಲ, ಮದ್ದಿಗೆ ಜಗ್ಗದಂಗ ಗಟ್ಟಿ ಆಗ್ತಾವು. ನೋವಿಗೂ ಒಂದ ಇಂಜೆಕ್ಷನ್ ಕೇಳ್ರಿ, ನೋವು ಇಳದ ಕುರಿ ಎದ್ದು ಮೇಯತೈತಿ, ತಾಯಿ ಆದ್ರ ಮರಿಗೆ ಹಾಲು ಉಳಿತೈತಿ.

ಈಗ ಚೂರಿ ಮಾತು. ಕೊಳ್ತಿದ್ದು ಕೆತ್ತಿ ತೆಗದು ಗಾಳಿ ಆಡಿದ್ರ ಗಾಯ ಮಾಯತೈತಿ ಅಂತ ನಮ್ಮ ಅಪ್ಪಾನೂ ನಂಬಿದ್ದ, ಎಷ್ಟೋ ವರ್ಷ ಪುಸ್ತಕದಾಗೂ ಹಂಗ ಬರೀತಿದ್ರು. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದವರು ಇದನ್ನ ಹೊಲದಾಗ ಪರೀಕ್ಷಾ ಮಾಡಿ 2010ರಾಗ ಪ್ರಕಟ ಮಾಡಿದ್ರು: ಕೆತ್ತದ ಬರೇ ಇಂಜೆಕ್ಷನ್ ಮತ್ತ ಸ್ಪ್ರೇ ಕೊಟ್ಟ ಕುರಿ ಬಹುತೇಕ ಹತ್ತ ದಿನದಾಗ ಕುಂಟೋದು ಬಿಟ್ವು, ಕೆತ್ತಿದ್ದು ತಡಾ ಆದ್ವು. ಯೋಚನೆ ಮಾಡಿದ್ರ ನಮಗೂ ತಿಳಿತೈತಿ, ಉಗರು ಎದ್ದು ನೋಯಾಕತ್ತಿದ ಬೆರಳಿಗೆ ಉಗರು ಕಿತ್ತು ಕೆಸರಾಗ ನಡಿ ಅಂದ್ರ ನಾವು ನಡಿತೇವಿ ಏನು? ಭಾಳ ಕೆತ್ತಿದ ಕಾಲಾಗ ಗೊರಸಿನ ತುದಿಗೆ ಕೆಂಪನ್ನ ಮಾಂಸದ ಗಡ್ಡಿ ಬೆಳದು ಜೀವಮಾನಪೂರ್ತಿ ಕುಂಟೋ ಕುರಿ ನಮ್ಮಲ್ಲಿ ಎರಡ ಇದ್ವು, ಎರಡೂ ನಾ ಕೆತ್ತಿದ್ದವು. ಗೊರಸು ಉದ್ದ ಬೆಳದಿದ್ರ ಕುರಿ ಪೂರಾ ಆರಾಮಾಗಿ, ಗೊರಸು ಗಟ್ಟಿ ಆದ ಮ್ಯಾಲೆ, ಜೋತಾಡೋ ತುದಿ ಅಷ್ಟ ಕತ್ತರಿಯಿಂದ ತೆಗೀರಿ. ಒಂದ ಹನಿ ರಕ್ತ ಬಂದ್ರೂ ನೀವು ಜಾಸ್ತಿ ತೆಗದೀರಿ ಅಂತ ಅರ್ಥ. ಒಂದ ಕುರಿಯಿಂದ ಇನ್ನೊಂದಕ್ಕ ಹೋಗೋ ಮುಂದ ಕತ್ತರಿ ಡೆಟಾಲ್ ನೀರಾಗ ಅದ್ದಿ ಒರಸ್ರಿ, ಬಿದ್ದ ಚೂರು ಆರಿಸಿ ಸುಡ್ರಿ, ಅದ್ರಾಗ ಕ್ರಿಮಿ ಜೀವಂತ ಇರ್ತಾವು.

ಹುಳ ಬಿದ್ದಿದ್ರ ಡಾಕ್ಟರಿಗೆ ತೋರಿಸಿ, ಟರ್ಪೆಂಟೈನ್ ಅದ್ದಿದ ಹತ್ತಿ ಇಟ್ಟು ಹುಳ ಹೊರಗ ಬಂದ ಮ್ಯಾಲೆ ಚಿಮಟದಿಂದ ಒಂದೂ ಬಿಡದ ತೆಗಸ್ರಿ. ಆಮ್ಯಾಲೆ ಬೇವಿನ ಎಣ್ಣಿ ಅರಿಷಿಣ ಕಲಸಿ ಸುತ್ತ ಹಚ್ಚಿದ್ರ ನೊಣ ಕುಂಡ್ರಂಗಿಲ್ಲ, ಇದು ನಮ್ಮವ್ವ ಮೊದಲಿಂದ ಮಾಡ್ತಿದ್ದದ್ದು, ಇದ್ರಿಂದ ಉಪಯೋಗ ಐತಿ. ಆದ್ರ ಅರಿಷಿಣದಿಂದ ಒಳಗಿನ ಕೊಳೆ ಹೋಗಂಗಿಲ್ಲ. ಸುಟ್ಟ ಇಂಜಿನ್ ಆಯಿಲ್, ಆ್ಯಸಿಡ್, ಕಾಸಿದ ಕಬ್ಬಣ, ಇವನ್ನ ಹಾಕಿ ಕುರಿಗೆ ನರಕ ತೋರಸಬ್ಯಾಡ್ರಿ, ಕೈಮುಗದು ಹೇಳ್ತೇನಿ.

ಉಪಚಾರ ಮಾಡಿದ ಕುರಿ ಬೆನ್ನಿಗೆ ಬಣ್ಣದ ಗುರ್ತು ಹಾಕ್ರಿ, ಬ್ಯಾರೆ ಕಟ್ರಿ, ನೀರು ಮೇವು ಹತ್ರನ ಇಡ್ರಿ. ನಾ ಒಂದ ಹಳೇ ನೋಟಬುಕ್ಕಿನ್ಯಾಗ ಕಿವಿ ನಂಬರ, ಯಾವ ಕಾಲು, ಯಾವ ತಾರೀಖು, ಇಷ್ಟ ಬರೀತೇನಿ. ಐದನೇ ದಿನಕ್ಕ ಫರಕ ಕಾಣಬೇಕು, ಹತ್ತ ದಿನಕ್ಕ ಕುಂಟೋದು ನಿಲ್ಲಬೇಕು, ನಿಲ್ಲದಿದ್ರ ಮತ್ತ ಕಾಲು ಎತ್ತಿ ನೋಡ್ರಿ, ಡಾಕ್ಟರಿಗೆ ಹೇಳ್ರಿ. ಇನ್ನೊಂದು, ಇಂಜೆಕ್ಷನ್ ಕೊಟ್ಟ ಕುರಿ ಎಷ್ಟು ದಿನ ಮಾಂಸಕ್ಕ ಕೊಡಬಾರದು ಅಂತ ಬಾಟ್ಲಿ ಲೇಬಲ್ ಮ್ಯಾಲೆ ಇರ್ತೈತಿ, ಅಷ್ಟು ದಿನ ಕಟಗರಿಗೆ ಕೊಡಬ್ಯಾಡ್ರಿ. ತಿನ್ನೋದು ಯಾರದೋ ಮನಿ ಕೂಸು.

ಕಾಲು ಅದ್ದಸೋದು

ಇದಕ್ಕ ನನ್ನ ಮಟ್ಟಿಗೆ ಜಿಂಕ್ ಸಲ್ಫೇಟ್ ಎಲ್ಲಾಕಿಂತ ಚಲೋ. ಗೊಬ್ಬರದ ಅಂಗಡ್ಯಾಗ ಗೋವಿನಜೋಳಕ್ಕ, ಕಬ್ಬಿಗೆ ಹಾಕಾಕ ಮಾರ್ತಾರಲ್ಲ, 21 ಪರ್ಸೆಂಟ್ ಜಿಂಕ್ ಅಂತ ಚೀಲದ ಮ್ಯಾಲೆ ಇರೋದು, ಅದ ನಡೀತೈತಿ. ಅಳತಿ 100 ಲೀಟರ್ ನೀರಿಗೆ 10 ಕಿಲೋ. ಉಗುರುಬೆಚ್ಚಗಿನ ನೀರಾಗ ಬೇಗ ಕರಗತೈತಿ. ಒಂದೆರಡು ಚಮಚೆ ಭಾಂಡೆ ತಿಕ್ಕೋ ಲಿಕ್ವಿಡ್ ಹಾಕಿದ್ರ ನೀರು ಗೊರಸಿನ ಸೀಳಿನ್ಯಾಗ ಚಲೋ ಇಳಿತೈತಿ.

ನಾವು ಎರಡ ಫೂಟ್ ಅಗಲ, ಎಂಟು ಫೂಟ್ ಉದ್ದ, ಅರ್ಧ ಫೂಟ್ ಆಳದ ಸಿಮೆಂಟ್ ತೊಟ್ಟಿ ಕಟ್ಟಿಸೇವಿ, ಎರಡೂ ಕಡೆ ತಟ್ಟಿ ಕಟ್ಟೇವಿ ಕುರಿ ಹೊರಗ ಜಿಗಿಯದಂಗ. ಅದ್ರಾಗ ಮೂರು ಇಂಚು ನೀರು ನಿಂದ್ರಬೇಕಂದ್ರ ಹೆಚ್ಚುಕಡಿಮಿ 113 ಲೀಟರ್ ಬೇಕು, ಅಂದ್ರ 11 ಕಿಲೋ ಜಿಂಕ್ ಸಲ್ಫೇಟ್. ಒಮ್ಮೆಗೆ ನಾಕು ದೊಡ್ಡ ಕುರಿ ನಿಲ್ತಾವು. ಹದಿನೈದು ನಿಮಿಷ ನಿಂದರಸಬೇಕು, ಬರೇ ಹಾಯಿಸಿ ಬಿಟ್ರ ಒಳಗ ಇಳಿಯಂಗಿಲ್ಲ. ಅರವತ್ತು ಕುರಿಗೆ ಹದಿನೈದು ಸಲ, ಅಂದ್ರ ಹತ್ರ ಹತ್ರ ನಾಕು ತಾಸು. ಮುಂಜಾನೆ ಶುರು ಮಾಡಿದ್ರ ಊಟದ ಹೊತ್ತಿಗೆ ಮುಗೀತೈತಿ, ಮನಿ ಮಂದಿ ಎಲ್ಲಾ ಕೈ ಹಚ್ಚಬೇಕು. ತೊಟ್ಟಿ ಇಲ್ಲದವರು ಹಳೇ ತಗಡಿನ ಟ್ರೇದಾಗ ಒಂದೊಂದ ನಿಂದರಸಬಹುದು, ಹತ್ತ ಕುರಿ ಇದ್ದವರಿಗೆ ಅದ ಸಾಕು.

ಅದ್ದಸೋಕಿಂತ ಮೊದಲ ಹೊಟ್ಟಿತುಂಬ ಸಾದಾ ನೀರು ಕುಡಿಸಿ ತರ್ರಿ, ಬಾಯಾರಿದ ಕುರಿ ತೊಟ್ಟಿಗೆ ಬಾಯಿ ಹಾಕ್ತೈತಿ, ಅದು ಒಳ್ಳೇದಲ್ಲ. ಸಾದಾ ನೀರಾಗ ಕಾಲು ತೊಳದು ಸ್ವಲ್ಪ ನೀರು ಇಳಿಲಿ, ಇಲ್ಲಂದ್ರ ಎರಡ ಸಲಕ್ಕ ತೊಟ್ಟಿ ಕೆಸರಗುಂಡಿ ಆಗ್ತೈತಿ. ತೊಟ್ಟ್ಯಾಗ ತೆಳ್ಳಗ ಕುರಿ ಉಣ್ಣೆ ಹಾಸಿದ್ರ ನೀರು ಸಿಡಿಯಂಗಿಲ್ಲ. ಹೊರಗ ಬಂದ ಮ್ಯಾಲೆ ಒಂದ ತಾಸು ಒಣ ಗಚ್ಚು ಅಥವಾ ಗರಸಿನ ಮ್ಯಾಲೆ ನಿಂದ್ರಬೇಕು, ಇದನ್ನ ಬಿಟ್ಟು ಸೀದಾ ಕೆಸರಿಗೆ ಬಿಟ್ರ ಮಾಡಿದ್ದೆಲ್ಲಾ ನೀರಾಗ ಹೋಮ. ಆಮ್ಯಾಲೆ ಎರಡ ವಾರದಿಂದ ಕುರಿ ತುಳಿಯದ ಹೊಲಕ್ಕ ಬಿಡಾಕ ಆದ್ರ ಉತ್ತಮ. ಬ್ಯಾನಿ ಇದ್ದಾಗ ವಾರಕ್ಕೊಮ್ಮೆ ಮೂರ್ನಾಕು ವಾರ ಮಾಡ್ರಿ. ಉಳಿದ ನೀರು ಬಾವಿ, ಕೆರಿ, ಹಳ್ಳಕ್ಕ ಚೆಲ್ಲಬ್ಯಾಡ್ರಿ.

ಜಿಂಕ್ ಬದಲಿ ಕೆಲವರು ಫಾರ್ಮಲಿನ್ (ಕ್ರಿಮಿ ಕೊಲ್ಲೋ ಘಾಟು ದ್ರಾವಣ) ಬಳಸ್ತಾರ. ಅದು 3 ಪರ್ಸೆಂಟ್, ಅಂದ್ರ 97 ಲೀಟರ್ ನೀರಿಗೆ 3 ಲೀಟರ್, ಇದ್ರಾಗ ಹಾಯಿಸಿದ್ರ ಸಾಕು, ನಿಂದರಸೋದು ಬ್ಯಾಡ. ಬೇಗ ಮುಗೀತೈತಿ, ಆದ್ರ ಹೊಗಿ ಕಣ್ಣು ಗಂಟಲ ಸುಡ್ತೈತಿ, ಬಿಚ್ಚಿದ ಗಾಯಕ್ಕ ಭಾಳ ಉರೀತೈತಿ, ಅಳತಿ ಜಾಸ್ತಿ ಆದ್ರ ಗೊರಸು ಬಿರುಸಾಗಿ ಸೀಳತೈತಿ. ಬಯಲಾಗ, ಕೈಗವಸು ಹಾಕ್ಕೊಂಡ, ಹುಡುಗರನ್ನ ದೂರ ಇಟ್ಟು ಮಾಡ್ರಿ. ಮೈಲುತುತ್ತ ನಾ ಈಗ ಮುಟ್ಟಂಗಿಲ್ಲ, ಅದ್ರಾಗ ತಾಮ್ರ ಐತಿ. ಕುರಿ ಜಾತಿಗೆ ತಾಮ್ರ ಸ್ವಲ್ಪ ಜಾಸ್ತಿ ಆದ್ರೂ ವಿಷ, ಯಕೃತ್ತಿನ್ಯಾಗ ಕೂಡಿಕೋತ ಹೋಗಿ ಒಂದ ದಿನ ಕಣ್ಣು ಹಳದಿ ಆಗಿ ಉಚ್ಚಿ ಕೆಂಪಾಗಿ ಸಾಯತೈತಿ. ಇದ ಕಾರಣಕ್ಕ ದನದ ಮಿನರಲ್ ಮಿಕ್ಸ್ಚರ್ ಕುರಿಗೆ ಹಾಕಬ್ಯಾಡ್ರಿ, ಕುರಿದು ಬ್ಯಾರೆ ಬರ್ತೈತಿ.

ಬರದಂಗ ನೋಡಕೊಳ್ಳೋದು

ಮಳಿಗಾಲದಾಗ ಎರಿ ಹೊಲದಾಗ ಕುರಿ ನಿಂದರಸಾಕ ಒಪ್ಪಕೋಬ್ಯಾಡ್ರಿ. ಗೊಬ್ಬರಕ್ಕಂತ ರೈತರು ಕಾಳು ರೊಕ್ಕಾ ಕೊಟ್ಟು ಕರೀತಾರ, ನಮಗೂ ಆ ರೊಕ್ಕಾ ಬೇಕಾಗಿರ್ತೈತಿ, ಗೊತ್ತೈತಿ. ಆದ್ರೂ ಕೇಳ್ರಿ, ಅದ ರೈತರ ಮಸಾರಿ ಹೊಲ, ಗರಸಿನ ದಿಬ್ಬ ಇದ್ದ ಕಡೆ ಹಾಕ್ತೇವಿ ಅನ್ರಿ, ಕುರಿ ಕೂಡೋ ಬಲೆಯ ಜಾಗಾ ದಿನಾ ಬದಲಿ ಮಾಡ್ರಿ. ಮನಿ ದಡ್ಡಿ ಆದ್ರ ಆರು ಇಂಚು ಗರಸು ಹಾಕಿ ಇಳಿಜಾರು ಕೊಡ್ರಿ, ಹಿಕ್ಕಿ ದಿನಾ ಬಳೀರಿ. ಎಲ್ಲಾಕಿಂತ ಹೊಲಸು ಜಾಗಾ ನೀರಿನ ದೋಣಿ ಸುತ್ತ ಇರ್ತೈತಿ, ಎಲ್ಲಾ ಕುರಿ ಅಲ್ಲೇ ಕೆಸರು ತುಳಿತಾವು, ಒಂದರ ಕಾಲಿಂದು ಇನ್ನೊಂದಕ್ಕ ಅಲ್ಲೇ ಹತ್ತತೈತಿ. ಒಂದ ಟ್ರೇಲರ್ ಖಡಿ ಸುರವಿದ್ರ ಆ ಖರ್ಚು ಒಂದ ಮಳಿಗಾಲದಾಗ ತೀರತೈತಿ.

ಸಂತಿಯಿಂದ ತಂದ ಕುರಿ ಸೀದಾ ಹಿಂಡಿಗೆ ಕೂಡಸೋದು ನಮ್ಮ ಕಡೆ ದೊಡ್ಡ ತಪ್ಪು. ಪೂರಾ ಬ್ಯಾನಿ ಹೋಗಿ ಎರಡ ವರ್ಷ ಆರಾಮಿದ್ದ ನಮ್ಮ ಹಿಂಡಿಗೆ ಮತ್ತ ಅದು ಬಂದಿದ್ದು ಎರಡು ಟಗರಿನಿಂದ. ಕೊಳ್ಳೋ ಮುಂದ ಹಲ್ಲು ನೋಡಿದ್ನಿ, ಬೀಜ ನೋಡಿದ್ನಿ, ಬೆನ್ನು ಒತ್ತಿ ನೋಡಿದ್ನಿ, ಕಾಲು ಎತ್ತಲಿಲ್ಲ. ಮೂರು ವಾರದಾಗ ಹದಿನಾಕು ಕುರಿ ಕುಂಟಿದ್ವು. ಈಗ ಅಮೀನಗಡ ಸಂತಿ ಇರ್ಲಿ, ಕೆರೂರ ಸಂತಿ ಇರ್ಲಿ, ಮಾರಾವ ಏನರೆ ಅಂದಕೊಳ್ಳಿ, ನಾಕೂ ಕಾಲು ಎತ್ತಿ ಸಂದಿ ಮೂಸಿ ನೋಡದ ರೊಕ್ಕಾ ಎಣಸಂಗಿಲ್ಲ. ಮನಿಗೆ ತಂದ ಮ್ಯಾಲೆ ಅವತ್ತ ಕಾಲು ಅದ್ದಿಸಿ ನಾಕು ವಾರ ಬ್ಯಾರೆ ಕಟ್ಟತೇನಿ, ವಾರಕ್ಕೊಮ್ಮೆ ನೋಡ್ತೇನಿ, ಆಮ್ಯಾಲೆ ಹಿಂಡಿಗೆ. ವಲಸಿ ಹೋಗೋರು ದಾರ್ಯಾಗ ಬ್ಯಾರೆ ಹಿಂಡಿನ ಕೂಡ ಒಂದ ನೀರಿನ ಜಾಗಾ ಹಂಚಕೋತಾರ, ಅದು ತಪ್ಪಸಾಕ ಆಗಂಗಿಲ್ಲ, ಅಂಥವರು ಕುಂಟೋದ ಕಂಡ ಸಂಜೀನ ಹಿಡದು ನೋಡೋ ರೂಢಿ ಇಟಕೊಂಡ್ರ ಭಾಳ ಉಳಿತಾವು.

ಕಡೀದು, ಮಾಡಾಕ ಮನಸ ಬರದ ಕೆಲಸ. ನೋಟಬುಕ್ಕಿನ್ಯಾಗ ಒಂದ ನಂಬರ ಒಂದ ವರ್ಷದಾಗ ಮೂರ್ನಾಕು ಸಲ ಬಂದಿದ್ರ, ಉಪಚಾರ ಸರಿ ಮಾಡಿದ್ರೂ ಬಂದಿದ್ರ, ಅದನ್ನ ಹಿಂಡಿನಿಂದ ತೆಗೀಬೇಕು. ನಮ್ಮಲ್ಲಿ ಒಂದ ಡೆಕ್ಕನಿ ತಾಯಿಕುರಿ ಇತ್ತು, ಕರೀದು, ಹಣಿಮ್ಯಾಲೆ ಬಿಳೇ ಚುಕ್ಕಿ, ಎರಡ ಮರಿ ಹಾಕಿ ಎರಡಕ್ಕೂ ಹಾಲು ಸಾಲ್ತಿತ್ತು, ನಮ್ಮವ್ವಗ ಭಾಳ ಪ್ರೀತಿ. ಅದ್ರ ಹಿಂದಿನ ಬಲಗಾಲು ಪ್ರತಿ ಹುಬ್ಬಿಗೂ ಕೊಳೀತಿತ್ತು. ಎರಡ ವರ್ಷ ಇಟಕೊಂಡ್ವಿ, ಎರಡೂ ವರ್ಷ ಅದ್ರ ಬಾಜುಕ ಮಲಗೋ ಕುರಿಗೊಳ ಹೆಸರ ನೋಟಬುಕ್ಕಿನ್ಯಾಗ ಮೊದಲ ಬಂದ್ವು. ಮೂರನೇ ವರ್ಷ ಮದ್ದಿನ ದಿನ ಕಳದ ಮ್ಯಾಲೆ ಮಾರಿದ್ವಿ, ಅವತ್ತ ಅವ್ವ ಉಣ್ಣಲಿಲ್ಲ. ಆ ವರ್ಷ ಹಸ್ತ ಮಳಿ ಮುಗಿಯೂತನಕ ನೋಟಬುಕ್ಕಿನ್ಯಾಗ ಬಿದ್ದಿದ್ದು ಮೂರ ನಂಬರ.